ಎರಡು ಗಂಟೆ ಬಿಟ್ಟು ನುಂಗಿ ಅಂತ ಒಂದು ಮಾತು ಹೇಳೋಕೆ ಏನು ಕಷ್ಟ?

ಹಾಸನದ ಬಿ.ಎಂ. ರಸ್ತೆಯ ಹೋಟೆಲಲ್ಲಿ ಈಗಷ್ಟೇ ಕಂಡಿದ್ದು. ಪಕ್ಕದ ಟೇಬಲ್ಲಿನ ಯಜಮಾನರು ದೋಸೆ ಮುಗಿಸಿ, ಆಂಟಿಬಯೋಟಿಕ್ಕು, ಪ್ರೋಬಯೋಟಿಕ್ ಕ್ಯಾಪ್ಸೂಲು ಎರಡನ್ನೂ ಒಂದೇ ಗುಟುಕಿಗೆ ಇಳಿಸಿದ್ರು. ಸಿಟ್ಟು ಅವರ ಮೇಲಲ್ಲ. ಕವರ್ ಮೇಲೆ ಎರಡಕ್ಕೂ "1-0-1" (ಬೆಳಿಗ್ಗೆ ಒಂದು, ರಾತ್ರಿ ಒಂದು) ಅಂತ ಗೀಚಿ ಕಳಿಸಿದ ಪುಣ್ಯಾತ್ಮರ ಮೇಲೆ.

ಆ ಪ್ರೋಬಯೋಟಿಕ್ ಕ್ಯಾಪ್ಸೂಲಲ್ಲಿ ಸಾಮಾನ್ಯವಾಗಿ ಇರೋದು ಜೀವಂತ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ಕು ಕರುಳಿನ ಒಳ್ಳೇ ಬ್ಯಾಕ್ಟೀರಿಯಾವನ್ನೂ ಕೊಂದು ಭೇದಿ ತರಬಹುದು, ಅದನ್ನ ತಡೆಯೋಕೆ ಅಂತ ಕೊಡೋದು. ಆಂಟಿಬಯೋಟಿಕ್ ಇರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ. ಒಟ್ಟಿಗೆ ನುಂಗಿದ್ರೆ ಕಳೆನಾಶಕ ಹೊಡೆದ ಕೈಲೇ ಸಸಿ ನೆಟ್ಟ ಹಾಗೆ. ಪ್ಯಾಕ್ ಮೇಲೆ ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋಬ್ಯಾಕ್ಟೀರಿಯಂ ಅಂತ ಬ್ಯಾಕ್ಟೀರಿಯಾ ಹೆಸರು ಬರೆದಿದ್ರೆ ಕನಿಷ್ಠ ಎರಡು ಗಂಟೆ ಅಂತರ ಕೊಡಿ. ಬೆಳಿಗ್ಗೆ 8ಕ್ಕೆ ಆಂಟಿಬಯೋಟಿಕ್ ಆದ್ರೆ 11ಕ್ಕೆ ಇದು. ರಾತ್ರಿ 8ಕ್ಕೆ ಅದು, ಮಲಗೋ ಹೊತ್ತಿಗೆ ಇದು. ಸ್ಯಾಶೆ ಪುಡಿಯನ್ನ ಬಿಸಿ ಗಂಜಿಗೆ, ಬಿಸಿ ಹಾಲಿಗೆ ಕಲಸಬೇಡಿ, ಸಾಯುತ್ತೆ. ಶುರು ಮಾಡೋದಾದ್ರೆ ಮೊದಲ ದಿನವೇ ಮಾಡಿ, ಹೊಟ್ಟೆ ಕೆಟ್ಟ ಮೇಲಲ್ಲ.

ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನೋ ಪ್ರೋಬಯೋಟಿಕ್ ಮಾತ್ರ ಬೇರೆ. ಅದು ಯೀಸ್ಟ್, ಅಂದ್ರೆ ಒಂದು ಬಗೆಯ ಫಂಗಸ್, ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಆಂಟಿಬಯೋಟಿಕ್ ಅದನ್ನ ಮುಟ್ಟಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ 250 ಮಿ.ಗ್ರಾಂ. ದಿನಕ್ಕೆರಡು ಸಲ. ಆದ್ರೆ ಫಂಗಸ್‌ಗೆ ಫ್ಲುಕೊನಜೋಲ್ ತಗೋತಿದ್ರೆ ಇದು ದಂಡ. ಕೀಮೋ ನಡೀತಿರೋರಿಗೆ, ಐಸಿಯುನಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಇಳಿಸೋ ನಳಿಕೆ) ಹಾಕಿರೋರಿಗೆ ಕೊಡಲೇಬಾರದು, ಯೀಸ್ಟ್ ರಕ್ತಕ್ಕೇ ಸೇರೋ ಅಪಾಯ ಇದೆ. 5 ಎಂ.ಎಲ್. ಪುಟ್ಟ ಬಾಟಲಿಯಲ್ಲಿ ಬರೋ ಬ್ಯಾಸಿಲಸ್ ಕ್ಲಾಸಿ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು (ಗಟ್ಟಿ ಕವಚದೊಳಗೆ ಮಲಗಿರೋ ರೂಪ) ಗಟ್ಟಿ ಪಿಂಡ. ಅಲ್ಲಾಡಿಸಿ, ಆಂಟಿಬಯೋಟಿಕ್ಕಿನ ಎರಡು ಡೋಸ್‌ಗಳ ನಡುವೆ ಕುಡಿದ್ರಾಯ್ತು. ಇನ್ನು ಆಂಟಿಬಯೋಟಿಕ್ಕನ್ನೂ ಬ್ಯಾಕ್ಟೀರಿಯಾವನ್ನೂ ಒಂದೇ ಮಾತ್ರೆಯಲ್ಲಿ ತುಂಬಿ, ಹೆಸರಿನ ಕೊನೆಗೆ "ಎಲ್‌ಬಿ" ಅಂತ ಸೇರಿಸಿ ಮಾರ್ತಾರಲ್ಲ, ಅವರಿಗೆ ದೊಡ್ಡ ನಮಸ್ಕಾರ.

"ನಮ್ಮಜ್ಜಿ ಮೊಸರನ್ನ ತಿನ್ನಿಸ್ತಿದ್ರು, ಅಷ್ಟೇ ಸಾಕು" ಅಂತ ಈಗ ಕಾಮೆಂಟ್ ಬರುತ್ತೆ, ಗೊತ್ತು. ತಿನ್ನಿ, ಒಳ್ಳೇದೇ. ಆದ್ರೆ ಅದಕ್ಕೂ ಅದೇ ಎರಡು ಗಂಟೆ. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಮೊಸರಿನ ಬ್ಯಾಕ್ಟೀರಿಯಾ ಉಳಿದಿರಲ್ಲ, ಒಂದೆಲಗದ ತಂಬುಳಿಯಲ್ಲಿ ಉಳಿದಿರುತ್ತೆ. ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ತಗೋತಿದ್ರಂತೂ ಇನ್ನೂ ಹುಷಾರಾಗಿರಿ: ಹಾಲು ಮೊಸರಿನ ಕ್ಯಾಲ್ಸಿಯಂ ಔಷಧಿಗೇ ಅಂಟ್ಕೊಂಡು ಅದು ರಕ್ತಕ್ಕೆ ಸೇರೋದನ್ನ ತಡೆಯುತ್ತೆ. ಮೊಸರಿಗಿಂತ ಎರಡು ಗಂಟೆ ಮೊದಲು ನುಂಗಿ, ಇಲ್ಲಾ ತಿಂದು ಆರು ಗಂಟೆ ಬಿಡಿ.

ಓದಿಕೊಂಡವರು ಇನ್ನೊಂದು ಎತ್ತುತ್ತಾರೆ. 2018ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯವರು, ಆಂಟಿಬಯೋಟಿಕ್ ಮುಗಿಸಿ ಪ್ರೋಬಯೋಟಿಕ್ ತಗೊಂಡವರಲ್ಲಿ ಕರುಳಿನ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರೋದು ತಡವಾಯ್ತು ಅಂತ ತೋರಿಸಿದ್ರು. ಸರಿ. ಅದು ಆರೋಗ್ಯವಂತರ ಮೇಲೆ ಮಾಡಿದ ಸಣ್ಣ ಅಧ್ಯಯನ. ಭೇದಿ ತಡೆಯೋ ಪ್ರಶ್ನೆಯೇ ಬೇರೆ. ಹಾಗಂತ ಗುಟ್ಟೊಂದು ಬಿಚ್ಚಿಡ್ತೀನಿ, ಗಟ್ಟಿಮುಟ್ಟಾದವರಿಗೆ ಐದು ದಿನದ ಬರೀ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್‌ಗೆ ಈ ಖರ್ಚು ಬೇಕು ಅಂತ ನನಗೇ ಅನ್ಸಲ್ಲ. ವಯಸ್ಸಾದವರಿಗೆ, ಹಿಂದೆ ಆಂಟಿಬಯೋಟಿಕ್‌ನಿಂದಲೇ ಭೇದಿ ಆದವರಿಗೆ, ಕ್ಲಿಂಡಾಮೈಸಿನ್‌ನಂಥ ಭೇದಿ ಹೆಚ್ಚು ತರೋ ಆಂಟಿಬಯೋಟಿಕ್ ತಗೊಳೋರಿಗೆ ಡಾಕ್ಟರನ್ನ ಕೇಳಿ ಕೊಡಿ. ಕೊಟ್ಟ ಮೇಲೆ ಹೊತ್ತು ಹೇಳಿ ಕೊಡ್ರಪ್ಪಾ!

ಭೇದಿಗೆ ಎಲ್ಲ ಸಲವೂ ಬ್ಯಾಕ್ಟೀರಿಯಾ ಸತ್ತಿದ್ದೇ ಕಾರಣ ಅಲ್ಲ. ಕೆಲವು ಮಾತ್ರೆಗಳಲ್ಲಿ ಅಮಾಕ್ಸಿಸಿಲಿನ್ ಜೊತೆ, ಅದರ ಬಲ ಕಾಯೋಕೆ ಸೇರಿಸೋ ಕ್ಲಾವುಲನೇಟ್ ತಾನೇ ಕರುಳನ್ನ ಓಡಿಸುತ್ತೆ. ಒಟ್ಟು 625 ಮಿ.ಗ್ರಾಂ. ಮಾತ್ರೆಯಲ್ಲೂ ಅದು 125 ಮಿ.ಗ್ರಾಂ., 375ರ ಮಾತ್ರೆಯಲ್ಲೂ 125. ಅಂಗಡೀಲಿ 625 ಮುಗಿದಿದೆ ಅಂತ ಎರಡು 375 ನುಂಗಿದ್ರೆ ಕ್ಲಾವುಲನೇಟ್ 250 ಆಗುತ್ತೆ, ಆಮೇಲೆ ಬಚ್ಚಲಮನೆ ಬಿಟ್ಟು ಬರೋ ಹಾಗಿಲ್ಲ. ಊಟದ ಶುರುವಿನಲ್ಲೇ ತಗೊಂಡ್ರೆ ಹೊಟ್ಟೆಗೆ ಸ್ವಲ್ಪ ಹಗುರ.

ದಿನಕ್ಕೆ ಮೂರು ಸಲ, ಅದಕ್ಕೂ ಹೆಚ್ಚು ನೀರಾಗಿ ಹೋಗ್ತಿದ್ರೆ, ಜ್ವರ, ರಕ್ತ, ಹೊಟ್ಟೆ ಹಿಂಡೋದು ಸೇರಿದ್ರೆ ಪ್ರೋಬಯೋಟಿಕ್ ನಂಬ್ಕೊಂಡು ಕೂರಬೇಡಿ. ಭೇದಿ ನಿಲ್ಲಿಸೋ ಲೋಪರಮೈಡ್ ಮಾತ್ರೆ ಹಾಕಿ ಕಟ್ಟೋದೂ ಬೇಡ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನೋ ಕೆಟ್ಟ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಅದಕ್ಕೆ ಮಲ ಪರೀಕ್ಷೆ ಬೇಕು. ಕೋರ್ಸ್ ಮುಗಿದು ವಾರಗಳಾದ ಮೇಲೂ ಇದು ಕಾಣಿಸ್ಕೊಳ್ಳುತ್ತೆ. ಹಾಗಾಗಿ ಖಾಲಿ ಸ್ಟ್ರಿಪ್ ಬಿಸಾಡಬೇಡಿ, ಡಾಕ್ಟರಿಗೆ ತೋರಿಸೋಕೆ ಬೇಕಾಗುತ್ತೆ.