ಡಬ್ಬಿ ಊಟವಷ್ಟೇ ಅಲ್ಲ

ಹಿಮಪ್ರದೇಶದ ಊಟದ ಬಗ್ಗೆ ನಿಮ್ಮ ಲೇಖನದಲ್ಲಿ, ಅಂಟಾರ್ಕ್ಟಿಕಾದಲ್ಲಿ ಡಬ್ಬಿ ಊಟ ತಿಂದೇ ದಿನ ದೂಡುತ್ತಾರೆ ಅಂತ ಬರೆದಿದ್ದೀರಿ. ಅದು ಹಳೆಯ ಕಾಲದ ಮಾತು. ಈಗ ಅಲ್ಲಿನ ದೊಡ್ಡ ಸಂಶೋಧನಾ ನೆಲೆಗಳಲ್ಲಿ ಅಡುಗೆಯವರೇ ಇರುತ್ತಾರೆ, ಬ್ರೆಡ್ ಕೂಡ ಅಲ್ಲೇ ತಯಾರಾಗುತ್ತದೆ. ನಿಜವಾದ ಕಷ್ಟ ಬೇರೆ. ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಅಮುಂಡ್ಸೆನ್-ಸ್ಕಾಟ್ ನೆಲೆಗೆ ಫೆಬ್ರವರಿಯಿಂದ ಸುಮಾರು ಅಕ್ಟೋಬರ್ ಕೊನೆಯವರೆಗೆ ಸಾಮಾನ್ಯವಾಗಿ ವಿಮಾನವೇ ಹೋಗುವುದಿಲ್ಲ, ಅಷ್ಟು ತಿಂಗಳಿಗೆ ಬೇಕಾದ ದಿನಸಿಯನ್ನೆಲ್ಲ ಮೊದಲೇ ತುಂಬಿಟ್ಟುಕೊಳ್ಳಬೇಕು, ಏನಾದರೂ ಮರೆತರೆ ಮುಗಿಯಿತು. ಆ ಜಾಗ 2,835 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕಾಳು ಬೇಯುವುದಕ್ಕೆ ಎಷ್ಟು ಹೊತ್ತು ಬೇಕು ಯೋಚಿಸಿ! ಆ ನೀರನ್ನೂ ಹಿಮ ಕರಗಿಸಿಯೇ ಪಡೆಯಬೇಕು, ಅದಕ್ಕೂ ಇಂಧನ ಸುಡಬೇಕು.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ತಾಜಾ ತರಕಾರಿಯ ಕೊರತೆ ಅಲ್ವಾ? ಜರ್ಮನಿಯ ನ್ಯೂಮಾಯರ್ 3 ನೆಲೆಯ ಪಕ್ಕ 2018ರಲ್ಲಿ ಕಂಟೇನರ್ ಒಳಗೆ, ಮಣ್ಣೇ ಇಲ್ಲದೆ, ಎಲ್‌ಇಡಿ ಬೆಳಕಿನಲ್ಲಿ ಒಟ್ಟು 268 ಕೆಜಿ ತರಕಾರಿ ಬೆಳೆದರು. ಅದರಲ್ಲಿ ಸೌತೆಕಾಯಿಯೇ 67 ಕೆಜಿ. ಹೊರಗೆ ಕತ್ತಲು, ಹಿಮಗಾಳಿ, ತಟ್ಟೆಯಲ್ಲಿ ಹಸಿರು ಸೊಪ್ಪು. ನನಗಂತೂ ಇದು ದೊಡ್ಡ ಸಾಧನೆ ಅನಿಸುತ್ತದೆ.

ಇನ್ನೊಂದು ಮಾತು. ಉತ್ತರ ಧ್ರುವದ ಕಡೆಯ ಹಿಮಪ್ರದೇಶದ ಮೂಲನಿವಾಸಿಗಳಾದ ಇನ್ಯೂಟ್ ಜನರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಹಳೆಯ ಕಾಲದ ನಾವಿಕರು ವಿಟಮಿನ್ ಸಿ ಸಿಗದೆ ಸ್ಕರ್ವಿ ಅನ್ನುವ ಕಾಯಿಲೆಯಿಂದ ಸಾಯುತ್ತಿದ್ದಾಗ, ಇವರು ತಿಮಿಂಗಿಲದ ಚರ್ಮ, ಸೀಲ್‌ನ ಪಿತ್ತಜನಕಾಂಗ ಇಂಥದ್ದನ್ನು ಹಸಿಯಾಗಿಯೇ ತಿಂದು ಆರೋಗ್ಯವಾಗಿದ್ದರು. ಬೇಯಿಸಿದರೆ ಆ ವಿಟಮಿನ್ ಬಹಳಷ್ಟು ಹಾಳಾಗುತ್ತದೆ. ಸುಮ್ನೆ ಹಸಿಮಾಂಸ ಅಂತ ಮುಖ ಸಿಂಡರಿಸುವವರು ಇದನ್ನು ತಿಳಿಯಬೇಕು. ಅವರ ಊಟದ ಬಗ್ಗೆಯೂ ದಯವಿಟ್ಟು ಒಂದು ಲೇಖನ ಬರೆಯಿರಿ.