ಮಾರ್ಚ್‌ನಲ್ಲಿ ಮಾಡು ಸೋರೋದಿಲ್ಲ ಸ್ವಾಮಿ

ಶಾಲೆ ಸೋರೋದು ಜೂನ್‌ನಲ್ಲಿ, ರಿಪೇರಿ ದುಡ್ಡು ಬರೋದು ಮಾರ್ಚ್‌ನಲ್ಲಿ. ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದ್ರೆ ಶಾಲೆಯ ಅಭಿವೃದ್ಧಿ ಸಮಿತಿಗೆ, ಸೇರಿದಾಗಿಂದ ಇದೇ ಕರ್ಮ ನೋಡ್ತಾ ಇದೀನಿ.

ಮೂರನೇ ಕ್ಲಾಸಿನ ಕೋಣೆಯಲ್ಲಿ ಪಕಾಸಿಗೆ ಗೆದ್ದಲು ಹಿಡಿದಿದೆ. ಹೆಂಚು ಜಾರಿ, ನೀರು ಬೀಳೋದು ನೆಟ್ಟಗೆ ಬೋರ್ಡಿನ ಮೇಲೇ. ಟೀಚರ್ ಬರೆದ ಲೆಕ್ಕ ಮಕ್ಕಳು ಇಳಿಸಿಕೊಳ್ಳೋಕೆ ಮುಂಚೆ ತೊಳೆದು ಹೋಗುತ್ತೆ. ಕೊನೆಗೆ ಜಗುಲಿಗೆ ಎದ್ದು ಬಂದು, ಪಕ್ಕದ ಎರಡನೇ ಕ್ಲಾಸಿನ ಮಗ್ಗಿಯ ಗದ್ದಲದಲ್ಲೇ ಪಾಠ.

ಶಾಲೆಗಳಿಗೆ ದುಡ್ಡು ಕೊಡೋಕೆ ಸಮಗ್ರ ಶಿಕ್ಷಣ ಅಂತ 2018ರಿಂದ ಯೋಜನೆ ಇದೆ. ದುಡ್ಡಲ್ಲಿ ಶೇಕಡಾ 60 ಕೇಂದ್ರದ್ದು, 40 ರಾಜ್ಯದ್ದು. ಕೇಂದ್ರ ಕಂತಲ್ಲಿ ಬಿಡಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಆಮೇಲೆ ಇಡೀ ರಾಜ್ಯಕ್ಕೆ ಒಂದೇ ಇರೋ ನೋಡಲ್ ಖಾತೆಗೆ ಹೋಗಬೇಕು. ನಮ್ಮ ಶಾಲೆಯ ಖಾತೆ ಝೀರೋ ಬ್ಯಾಲೆನ್ಸ್, ನಮಗೆ ಸಿಗೋದು ಇಷ್ಟರವರೆಗೆ ಖರ್ಚು ಮಾಡಬಹುದು ಅನ್ನೋ ಲಿಮಿಟ್ ಮಾತ್ರ. ಬಳಸದೆ ಉಳಿದದ್ದು ಮಾರ್ಚ್ 31ಕ್ಕೆ ಕೈ ಬಿಟ್ಟಂತೆ. ಶಿಕ್ಷಣ ಇಲಾಖೆ ಆಫೀಸಿಗೆ ಹೋಗಿ ಕೇಳಿದರೆ "ಮೇಲಿಂದ ಬಂದಿಲ್ಲ". ಮೇಲೆ ಅಂದ್ರೆ ಯಾವ ಮೇಲೆ? ಬೆಂಗಳೂರಿನವರು ದೆಹಲಿ ಕಡೆ ಕೈ ತೋರಿಸ್ತಾರೆ, ದೆಹಲಿಯವರು ಹಿಂದಿನ ಕಂತಿನ ಲೆಕ್ಕ ಕೇಳ್ತಾರೆ. ಪಿಎಂಶ್ರೀ ಅನ್ನೋ ಕೇಂದ್ರದ ಮಾದರಿ ಶಾಲೆ ಯೋಜನೆಗೆ ಸಹಿ ಹಾಕಲಿಲ್ಲ ಅಂತ ತಮಿಳುನಾಡಿಗೆ 2024ರಲ್ಲಿ ಈ ದುಡ್ಡನ್ನೇ ತಡೆದರು. ನಮ್ಮ ರಾಜ್ಯ ಅದಕ್ಕೆ ಸೇರಿಯೂ ಆಯ್ತು. ಹಾಗಾದ್ರೆ ನಮ್ಮದು ಯಾಕೆ ತಡ?

ಅಷ್ಟಾಗಿ ಬರೋದಾದರೂ ಎಷ್ಟು? ನಮ್ಮಂಥ, ಮೂವತ್ತು ದಾಟಿ ನೂರರೊಳಗೆ ಮಕ್ಕಳಿರೋ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಅದರಲ್ಲೇ ಕರೆಂಟ್ ಬಿಲ್ಲು, ಸೀಮೆಸುಣ್ಣ, ರಿಜಿಸ್ಟರು, ನಲ್ಲಿ ರಿಪೇರಿ ಎಲ್ಲ ಆಗಬೇಕು, ಶೇಕಡಾ 10 ಸ್ವಚ್ಛತೆಗೆ ಎತ್ತಿಡಬೇಕು. ಅದರ ಮೇಲೆ ಜಿಎಸ್‌ಟಿ ಬಿಲ್ ಬೇಕಂತೆ. ಹೆಂಚು ಹೊದಿಸೋ ನಮ್ಮೂರ ಮೇಸ್ತ್ರಿ ಎಲ್ಲಿಂದ ತರಬೇಕು ಜಿಎಸ್‌ಟಿ ನಂಬರು? ಹಾರ್ಡ್‌ವೇರ್ ಅಂಗಡಿಯವನೋ, ಬಿಲ್ ಬೇಕು ಅಂದ ಕೂಡಲೇ ರೇಟೇ ಬೇರೆ ಹೇಳ್ತಾನೆ.

ಮಾರ್ಚ್ ಕೊನೆ ವಾರ ಬಂತು ಅಂದ್ರೆ ಇದೇ ಆಫೀಸಿಗೆ ಎಲ್ಲಿಲ್ಲದ ಅವಸರ. "ಇವತ್ತೇ ಖರ್ಚು ಹಾಕಿ, ಯುಸಿ (ಖರ್ಚಾಯ್ತು ಅನ್ನೋ ಪ್ರಮಾಣಪತ್ರ) ಕಳಿಸಿ, ಫೋಟೋ ಅಪ್‌ಲೋಡ್ ಮಾಡಿ." ಪರೀಕ್ಷೆ ನಡೀತಿರೋ ಶಾಲೆಯ ಮಾಡಿನ ಮೇಲೆ ಯಾರನ್ನ ಹತ್ತಿಸೋಣ? ಕಡೆಗೆ ಆ ದುಡ್ಡಲ್ಲಿ ಬಣ್ಣ ಹೊಡೆಸಿದ್ವಿ. ಗೋಡೆ ಮೇಲೆ ರೈಲು ಬೋಗಿ ಚೆನ್ನಾಗೇ ಬಂದಿದೆ, ಸುಳ್ಳು ಹೇಳಬಾರದು. ಫೋಟೋಗೂ ಅದೇ ಬೇಕಿತ್ತಲ್ಲ.

ಮಾಡಿಗೆ ಊರವರೇ ಚಂದಾ ಎತ್ತಿ ಟಾರ್ಪಾಲು ಕಟ್ಟಿದ್ದೀವಿ. ಶಾಲೆಗಳ ವಿವರ ತುಂಬೋ ಸರ್ಕಾರಿ ದಾಖಲೆ ಯುಡೈಸ್‌ನಲ್ಲಿ ಮಾತ್ರ ಆ ಕೋಣೆ ಈಗಲೂ "ಸಣ್ಣ ರಿಪೇರಿ". ದೊಡ್ಡ ರಿಪೇರಿ ಅಂತ ಹಾಕಿದರೆ ಎಂಜಿನಿಯರ್ ಬರಬೇಕು, ಎಸ್ಟಿಮೇಟ್ ಆಗಬೇಕು, ಮುಂದಿನ ವರ್ಷದ ಪ್ಲಾನಿಗೆ ಸೇರಬೇಕು, ದೆಹಲಿಯಲ್ಲಿ ಮಂಜೂರಾಗಬೇಕು. ಈ ಸಲ ದೊಡ್ಡದು ಅಂತಲೇ ಹಾಕಿಸ್ತೀನಿ. ಬರಲಿ ಎಂಜಿನಿಯರು, ಆದರೆ ಮಳೆಗಾಲದಲ್ಲೇ ಬರಲಿ.