ಡ್ಯಾಶ್‌ಬೋರ್ಡ್ ಕೊಯ್ಯಬೇಡಿ ಮಾರಾಯ್ರೇ

ಹಳೇ ಸ್ಪೋರ್ಟ್ಸ್ ಕಾರಿನ ಫೋಟೋ ಕಂಡರೆ ನಾನು ಮೊದಲು ನೋಡುವುದು ರೇಡಿಯೋ. ಎಂಜಿನ್, ಬಣ್ಣ ಎಲ್ಲ ಆಮೇಲೆ. ಪೇಂಟಿಗೆ, ಲೆದರಿಗೆ ಲಕ್ಷಾಂತರ ಸುರಿದಿರುತ್ತಾರೆ. ಕೊನೆಗೆ ನೀಲಿ ಲೈಟು ಮಿನುಗುವ ಅಗ್ಗದ ಸ್ಟೀರಿಯೋ ಒಂದನ್ನು ತಂದು ತುರುಕಿರುತ್ತಾರೆ. ನೋಡಿದ ಕೂಡಲೇ ಮೂಡ್ ಹಾಳು.

ಆ ಜಾಗದಲ್ಲಿ ಏನಿತ್ತು ಗೊತ್ತಾ? ಬೆಕರ್ ಮೆಕ್ಸಿಕೋ ರೇಡಿಯೋ ತಗೊಳ್ಳಿ. 1952ರಲ್ಲಿ ಮರ್ಸಿಡಿಸ್ 300 ಎಸ್‌ಎಲ್ ಮೆಕ್ಸಿಕೋದ ಕರೇರಾ ಪನಾಮೆರಿಕಾನಾ ರೇಸ್ ಗೆದ್ದಿತು. (ಓಡುವಾಗ ರಣಹದ್ದೊಂದು ಗಾಜು ಒಡೆದುಕೊಂಡು ಒಳಗೇ ನುಗ್ಗಿತ್ತು. ಆಮೇಲೆ ಗಾಜಿನ ಮುಂದೆ ಕಂಬಿ ಹಾಕಿಕೊಂಡು ಓಡಿಸಿದರು!) ಮುಂದಿನ ವರ್ಷ ಜರ್ಮನಿಯ ಬೆಕರ್ ಕಂಪನಿ ತನ್ನ ಹೊಸ ರೇಡಿಯೋಗೆ ಮೆಕ್ಸಿಕೋ ಅಂತಲೇ ಹೆಸರಿಟ್ಟಿತು. ಬಟನ್ ಒತ್ತಿದರೆ ಡಯಲಿನ ಮುಳ್ಳು ತಾನಾಗಿ ಓಡಿ ಮುಂದಿನ ಸ್ಟೇಷನ್ ಹುಡುಕಿ ನಿಲ್ಲುತ್ತದೆ. 1953ರಲ್ಲಿ ಇದು! ಆ ಕಾಲದ ರೇಡಿಯೋಗಳಲ್ಲಿ ಸ್ಟೇಷನ್ ನೆನಪಿಡುವ ಬಟನ್ನುಗಳೂ ಚೆನ್ನ. ಬೇಕಾದ ಸ್ಟೇಷನ್ ಹಿಡಿದು, ಬಟನ್ ಹೊರಗೆಳೆದು, ಮತ್ತೆ ಒಳಗೆ ಒತ್ತಬೇಕು. ಚಿಪ್ಪೂ ಇಲ್ಲ, ಗಿಪ್ಪೂ ಇಲ್ಲ, ಎಲ್ಲ ಲಿವರ್ ಕೆಲಸ.

ಇನ್ನೊಂದು ಜರ್ಮನ್ ಕಂಪನಿ ಬ್ಲಾಪುಂಕ್ಟ್‌ನವರು ತಮ್ಮ ರೇಡಿಯೋಗಳಿಗೆ ಊರಿನ ಹೆಸರಿಡುತ್ತಿದ್ದರು. ಫ್ರಾಂಕ್‌ಫರ್ಟ್, ಬ್ರೆಮೆನ್, ಕೋಲ್ನ್. ಹಳೇ ಪೋರ್ಷೆ 911 ಕಾರುಗಳಲ್ಲಿ ಫ್ರಾಂಕ್‌ಫರ್ಟ್ ಜಾಸ್ತಿ ಕಾಣುತ್ತದೆ. ಯುರೋಪಿನ ಮೊದಲ ಕಾರ್ ರೇಡಿಯೋ ಕೂಡ ಇವರದ್ದೇ, 1932ರದ್ದು. ಸುಮಾರು 15 ಕೆ.ಜಿ. ತೂಕ. ಮರುವರ್ಷ ಈ ಕಂಪನಿ ಬಾಷ್ ಕೈಗೆ ಬಂತು. ಅದೇ ಬಾಷ್, ನಮ್ಮ ಆಡುಗೋಡಿಯ ಮೈಕೋ ಬಾಷ್.

ಹೊಸ ಸ್ಟೀರಿಯೋ ಕೂರಿಸುವುದು ಬರೀ ಕಣ್ಣಿಗೆ ಕೆಟ್ಟದ್ದಲ್ಲ, ಕಾರಿಗೂ ಕೆಟ್ಟದ್ದು. ಹಳೇ ರೇಡಿಯೋಗೆ ಎಡಕ್ಕೊಂದು ಬಲಕ್ಕೊಂದು ನಾಬ್, ನಡುವೆ ಡಯಲ್. ಡ್ಯಾಶಿನ ತೂತೂ ಅದೇ ಆಕಾರದಲ್ಲಿ ಇರುತ್ತದೆ. ಹೊಸದರ ಮುಖ 180 × 50 ಮಿ.ಮೀ. ಅದು ಹಿಡಿಯಬೇಕು ಅಂದರೆ ಡ್ಯಾಶ್‌ಬೋರ್ಡ್ ಕೊಯ್ಯಬೇಕು. ಕೊಯ್ದ ತಗಡನ್ನು ಮತ್ತೆ ಮೊದಲಿನ ಹಾಗೆ ಮಾಡಿಸಲು ಹೋಗಿ ನೋಡಿ, ರೇಡಿಯೋಗಿಂತ ಜಾಸ್ತಿ ಖರ್ಚು.

ಬ್ರಿಟಿಷ್ ಕಾರುಗಳದ್ದು ಇನ್ನೊಂದು ತಾಪತ್ರಯ. 1967ರವರೆಗಿನ ಎಂಜಿಬಿ ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ಕಾರಿನ ಬಾಡಿಗೆ ಸೇರಿರುತ್ತದೆ. ಈಗಿನ ಸ್ಟೀರಿಯೋಗಳ ಹೊರಡಬ್ಬಿ ಮೈನಸ್‌ಗೆ ಸೇರಿರುತ್ತದೆ. ತಿಳಿಯದೆ ವೈರ್ ಕೊಟ್ಟು ಬೋಲ್ಟ್ ಬಿಗಿದರೆ ನೇರ ಶಾರ್ಟ್. ಫ್ಯೂಸ್ ಹೋದರೆ ಪುಣ್ಯ, ಇಲ್ಲದಿದ್ದರೆ ವೈರೇ ಸುಡುತ್ತದೆ. ಪೋರ್ಷೆ 356 ಆದರೆ 6 ವೋಲ್ಟ್, ಅಲ್ಲಿ ಹೊಸ ಸ್ಟೀರಿಯೋ ಆನ್ ಕೂಡ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೂ ನಾನು ಶುದ್ಧವಾದಿ ಅಲ್ಲ. ಕಾರ್ ಶೋಗಳಲ್ಲಿ ಕೆಲವರದ್ದು ಒಂದೇ ಹಟ: ಕಾರು 1966ರದ್ದಾದರೆ ರೇಡಿಯೋನೂ 1966ರದ್ದೇ ಆಗಬೇಕು. ಯಾಕೆ ಸ್ವಾಮಿ? ಫಿಲಿಪ್ಸ್‌ನವರು ಕ್ಯಾಸೆಟ್ ತಂದಿದ್ದು 1963ರಲ್ಲಿ. ಎಪ್ಪತ್ತರ ದಶಕದಲ್ಲಿ ಎಷ್ಟೋ ಮಾಲೀಕರು ರೇಡಿಯೋ ತೆಗೆದು ಕ್ಯಾಸೆಟ್ ಪ್ಲೇಯರ್ ಹಾಕಿಸಿಕೊಂಡರು. ಆಗ ಅದು ಹಳೇ ಕಾರು ಅಷ್ಟೇ, ಯಾರೂ ಪೂಜೆ ಮಾಡುತ್ತಿರಲಿಲ್ಲ. ಆ ಪ್ಲೇಯರ್ ಇವತ್ತಿಗೂ ಅಲ್ಲೇ ಇದ್ದರೆ ಅದೂ ಆ ಕಾರಿನ ಚರಿತ್ರೆಯೇ. ಅದನ್ನು ಕಿತ್ತು, ಹರಾಜಿನಲ್ಲಿ ಕೊಂಡ ಬೆಕರ್ ಕೂರಿಸಿ ಅಂಕ ಗಿಟ್ಟಿಸುವುದು ನನಗೆ ಒಪ್ಪಿಗೆ ಇಲ್ಲ.

ಹಾಗಂತ ಕ್ಯಾಸೆಟ್ ಪ್ಲೇಯರ್ ಉಳಿಸಿಕೊಳ್ಳುವುದು ಸುಲಭ ಅಲ್ಲ. ಮುಚ್ಚಳ ಬಿಚ್ಚಿದರೆ ರಬ್ಬರ್ ಬೆಲ್ಟ್ ಬೆಲ್ಟಾಗಿ ಉಳಿದಿರುವುದಿಲ್ಲ. ಡಾಂಬರಿನ ಹಾಗೆ ಕರಗಿ ಒಳಗಿನ ಪುಲ್ಲಿ ಚಕ್ರಗಳಿಗೆ ಮೆತ್ತಿಕೊಂಡಿರುತ್ತದೆ. ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಸ್ಪಿರಿಟ್ ಹಾಕಿ, ಹತ್ತಿಕಡ್ಡಿ ಹಿಡಿದು ತಾಳ್ಮೆಯಿಂದ ಒರೆಸಬೇಕು. ಗ್ರೀಸ್ ಗಟ್ಟಿಯಾಗಿರುತ್ತದೆ. ಟೇಪ್ ಎಳೆಯುವ ರಬ್ಬರ್ ರೋಲರ್ ನುಣ್ಣಗಾಗಿ ಟೇಪ್ ನುಂಗುತ್ತದೆ. ಇಷ್ಟೆಲ್ಲ ಆದರೂ ಹೊಸ ಬೆಲ್ಟ್ ಬಿದ್ದ ಮೇಲೆ ಬಹಳಷ್ಟು ಪ್ಲೇಯರ್‌ಗಳು ಹಾಡುತ್ತವೆ.

ರೇಡಿಯೋ ರಿಪೇರಿ ಮಾಡಿಸಬಹುದು, ಆದರೆ ಕೇಳಲಿಕ್ಕೆ ಸ್ಟೇಷನ್ ಬೇಕಲ್ವಾ! ಜರ್ಮನಿಯಲ್ಲಿ ಡಾಯ್ಚ್‌ಲಾಂಡ್‌ಫುಂಕ್ ರೇಡಿಯೋ ಸ್ಟೇಷನ್ 2015ರ ಕೊನೆಗೆ ಮೀಡಿಯಂ ವೇವ್ ನಿಲ್ಲಿಸಿತು. ನಾರ್ವೆಯಲ್ಲಿ 2017ರಲ್ಲಿ ರಾಷ್ಟ್ರೀಯ ಚಾನೆಲ್‌ಗಳ ಎಫ್‌ಎಂ ಕೂಡ ಹೋಯಿತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಳಿ ಬೆಳೆದ ನನ್ನಂಥವರಿಗೆ ಹೊಟ್ಟೆ ಉರಿಯುವ ವಿಷಯ.

ಅದಕ್ಕೇ ಈಗ ಕೆಲವರು ಮುಖ, ನಾಬ್ ಹಾಗೇ ಇಟ್ಟುಕೊಂಡು ಒಳಗೆ ಬ್ಲೂಟೂತ್ ಬೋರ್ಡ್ ಹಾಕಿಸುತ್ತಾರೆ. ನನ್ನ ಮಟ್ಟಿಗೆ ಇದು ಸರಿ. ಒಂದೇ ಷರತ್ತು: ತೆಗೆದ ಹಳೇ ಬೋರ್ಡನ್ನು ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿಟ್ಟು, ಕಾರು ಮಾರುವಾಗ ಜೊತೆಗೇ ಕೊಡಿ. ಪೋರ್ಷೆಯವರೇ ಹಳೇ 911ಗಳಿಗೆ ನಾಬ್ ಇರುವ ಹೊಸ ಯೂನಿಟ್ ಮಾರುತ್ತಾರೆ. ನ್ಯಾವಿಗೇಷನ್, ಬ್ಲೂಟೂತ್ ಎಲ್ಲ ಇದೆ. ದಿನಾ ಓಡಿಸುವವರಿಗೆ ಪರವಾಗಿಲ್ಲ.

ಇನ್ನು ರೇಡಿಯೋನೇ ಇಲ್ಲದೆ ಹುಟ್ಟಿದ ಕಾರುಗಳು. 1973ರ ಪೋರ್ಷೆ 911 ಕರೇರಾ ಆರ್‌ಎಸ್‌ನ ಹಗುರ ಮಾದರಿಯಲ್ಲಿ ತೂಕ ಉಳಿಸಲಿಕ್ಕೆ ಗಡಿಯಾರ, ಹಿಂದಿನ ಸೀಟು, ಗ್ಲೋವ್ ಬಾಕ್ಸಿನ ಮುಚ್ಚಳವನ್ನೂ ಬಿಟ್ಟಿದ್ದರು. ಅಂಥ ಕಾರಿಗೆ ಎಷ್ಟೇ ದುಬಾರಿ ಬೆಕರ್ ತಂದು ಕೂರಿಸಿದರೂ ನನ್ನ ಲೈಕ್ ಸಿಗುವುದಿಲ್ಲ.